ತಲೆಕೆಳಗಾಗಿ ಅಂಟಿಸಿದ ಮ್ಯಾಗ್ನೆಟ್

…ಬೇಡ, ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ಈ ಕಡೆ ಬನ್ನಿ, ಕಿಟಕಿ ಹತ್ತಿರ. ಗೊಂಬೆಗಳ ಟ್ರೇ ಟೀಪಾಯಿ ಮೇಲಿಡಿ. ಕಾಫಿ ಬರುತ್ತೆ, ರಾಮಾನುಜ ಅವರೇ, ಮುನಿಯಕ್ಕ ಡಿಕಾಕ್ಷನ್ ಇಳಿಸ್ತಿದ್ದಾಳೆ. ಮೊದಲು ಮಾತು ಮುಗೀಲಿ. ಬರೀ ಕಾಫಿ ಕುಡಿಸೋಕೆ ನಾನು ನಿಮ್ಮನ್ನ ಮಾವಳ್ಳಿಯಿಂದ ಚಾಮರಾಜಪೇಟೆವರೆಗೆ ಕರೆಸಲಿಲ್ಲ.

ಏನು ಹೇಳ್ತಿದ್ದೆ? ಹಾಂ, ನಮ್ಮ ತಂದೆ. ಗೇಟು ತೆಗೀತಾ ನೀವು ‘ಇದೇನು ಅಷ್ಟು ದೊಡ್ಡ ವಿಷಯವೇ’ ಅಂದಿರಲ್ಲ, ಅದಕ್ಕೇ ಹೇಳ್ತಿದ್ದೀನಿ. ಯಾಕೆ ದೊಡ್ಡದು ಅಂತ ತಿಳೀಬೇಕಾದರೆ ನಾವು ಯಾರು ಅಂತ ತಿಳೀಬೇಕು. ಚಿಕ್ಕಪೇಟೆಯಲ್ಲಿ ನಮ್ಮ ತಂದೆ ಮಲ್ಲಿಕಾರ್ಜುನಯ್ಯನವರ ರೇಷ್ಮೆ ಅಂಗಡಿಗೆ ಬೋರ್ಡೇ ಇರಲಿಲ್ಲ. ಬೇಕಿರಲಿಲ್ಲ. ಅಕ್ಕಪಕ್ಕದ ಅಂಗಡಿಯವರು ತಮ್ಮ ಗಜದ ಕಡ್ಡಿ ಸರಿ ಇದೆಯಾ ಅಂತ ನೋಡೋಕೆ ನಮ್ಮ ಅಂಗಡಿಗೆ ತರ್ತಿದ್ದರು. ನಮ್ಮ ಕಡ್ಡಿಯ ಪಕ್ಕ ಇಟ್ಟು ನೋಡಿ, ಒಂದು ಕೂದಲೆಳೆ ಹೆಚ್ಚುಕಮ್ಮಿ ಇದ್ದರೂ ಬೇರೆ ಮಾಡಿಸ್ಕೊಳ್ತಿದ್ದರು. ಅಂಥ ಮನೆ. ನಮ್ಮ ಅಜ್ಜ, ಅವರ ಅಪ್ಪ, ಅವರ ಅಪ್ಪ, ಎಲ್ಲರೂ ಅದೇ ಪೇಟೆಯಲ್ಲಿ ಕೂತು ವ್ಯಾಪಾರ ಮಾಡಿದವರು. ಮಠದ ದಾಸೋಹಕ್ಕೆ ಮೊದಲ ಅಕ್ಕಿ ಮೂಟೆ ನಮ್ಮದು. ಪೇಟೆ ಹೆಣ್ಣುಮಕ್ಕಳನ್ನ ಯಾರೂ ಕಾನ್ವೆಂಟಿಗೆ ಕಳಿಸದ ಕಾಲದಲ್ಲಿ ನನ್ನನ್ನ ಕಳಿಸಿದರು. ಬೆನ್ನು ಕುರ್ಚಿಗೆ ತಾಗಿಸದೆ ಕೂರೋದು ಅಲ್ಲಿ ಕಲಿತೆ, ಇವತ್ತಿಗೂ ಹಾಗೇ ಕೂರ್ತೀನಿ. ಈ ಮನೆಗೆ ಸೊಸೆಯಾಗಿ ಬಂದೆ, ಇದೂ ಅಂಥದ್ದೇ ಮನೆ. ಎರಡು ಮನೆಗಳಲ್ಲಿ ಒಂದು ಸಲ, ಒಂದೇ ಒಂದು ಸಲ, ಯಾರಾದರೂ ‘ಇಲ್ಲಿ ಒಂದು ವಸ್ತು ಕಾಣ್ತಿಲ್ಲ’ ಅಂದಿದ್ದರೆ ಕೇಳಿ.

ನೀವು ಅಂದಿರಿ. ನೀವು!

ಯಾಕೆ ಗಡಿಯಾರ ನೋಡ್ತೀರಿ? ಬೇಗ ಮುಗಿಸ್ತೀನಿ.

ಹೋದ ಭಾನುವಾರ ನಮ್ಮ ಯಜಮಾನರ ವರ್ಷದ ಪುಣ್ಯಸ್ಮರಣೆ. ಮಠದ ಹಾಲ್ ತುಂಬ ಜನ. ಅಯ್ನೋರಿದ್ದರು, ಬೀಗರಿದ್ದರು, ವರ್ತಕರ ಸಂಘದವರೆಲ್ಲ ಇದ್ದರು. ಕಾಲೇಜಿನ ಕಾಲದಿಂದ ಅವರ ಸ್ನೇಹಿತರು ಅಂತ ನಿಮ್ಮ ಕೈಗೆ ಮೈಕು ಕೊಟ್ಟೆವು. ಕೊಟ್ಟಿದ್ದು ನಾನೇ. ನೀವು ಈ ಟ್ರೇ ಎತ್ತಿ ತೋರಿಸಿ ಏನಂದಿರಿ? ‘ಇವೆಲ್ಲ ಪ್ರಭುದೇವ ಕೂರಿಸಿದ ಗೊಂಬೆಗಳು. ಒಂದು ಮಾತ್ರ ಇಲ್ಲ. ನನ್ನ ಕೈಗೆ ಬಂದಾಗಲೇ ಇರಲಿಲ್ಲ. ಮನೆಯಲ್ಲೇ ಯಾರ ಹತ್ತಿರವೋ ಉಳಿದಿರಬೇಕು.’ ಯಾರ ಹತ್ತಿರವೋ! ಈ ಮನೆಯಲ್ಲಿರೋರು ಯಾರು? ನಾನು, ಮುನಿಯಕ್ಕ. ಮುನಿಯಕ್ಕನಿಗೆ ಆ ಗೊಂಬೆ ತಗೊಂಡು ಏನಾಗಬೇಕು? ಉಳಿದವರು ಯಾರು, ಹೇಳಿ? ನನ್ನ ಓರಗಿತ್ತಿ ಶಿವರಂಜಿನಿ ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ನಕ್ಕಳು. ಊಟದ ಪಂಕ್ತಿಯಲ್ಲಿ ‘ಅಕ್ಕಾ, ಗೊಂಬೆ ಸಿಕ್ಕಿತಾ?’ ಅಂತ ಕೇಳಿದಳು. ಪಾಯಸ ಬಡಿಸ್ತಾ! ಜೀವಮಾನದಲ್ಲಿ ನನ್ನನ್ನ ನೋಡಿ ನಗೋಕೆ ಆ ಹೆಂಗಸಿಗೆ ಒಂದು ಕಾರಣ ಸಿಕ್ಕಿರಲಿಲ್ಲ. ನೀವು ಒದಗಿಸಿದಿರಿ.

ಏನು? ಜೋರಾಗಿ ಹೇಳಿ.

‘ಸಾರಿ’ ಬೇಡ. ಸಾರಿ ಅನ್ನೋದು ಬಸ್ಸಿನಲ್ಲಿ ಕಾಲು ತುಳಿದವರು ಹೇಳೋ ಮಾತು. ಅದರ ಹಿಂದೆಯೇ ‘ಆದರೆ ಶೈಲಜಮ್ಮ’ ಅಂತ ಬೇರೆ ಸೇರಿಸಿದಿರಿ. ಆದರೆ ಏನು? ‘ಆದರೆ ಆ ಗೊಂಬೆ ಎಲ್ಲಿ’ ಅಂತ ತಾನೇ? ಇದು ಕ್ಷಮೆ ಕೇಳೋ ರೀತಿಯಾ? ಇತಿಹಾಸದ ಮೇಷ್ಟ್ರಾಗಿದ್ದವರು ನೀವು. ನಿಮ್ಮ ವಿದ್ಯಾರ್ಥಿ ಹೀಗೆ ಹೇಳಿದ್ದರೆ ಒಪ್ಕೊಳ್ತಿದ್ದಿರಾ?

ಟ್ರೇ ತನ್ನಿ ಅಂದಿದ್ದು ನಾನೇ. ಎದುರಿಗೇ ನೋಡೋಣ ಅಂತ.

ನೋಡಿ ಇದನ್ನ. ಎಷ್ಟು ವರ್ಷ ಆ ಮನುಷ್ಯರನ್ನ ತಿಂದು ಹಾಕಿತು ಈ ಹುಚ್ಚು! ಮೊದಲ ಸಲ ಗೊಂಬೆ ಡಬ್ಬಿ ಮನೆಗೆ ತಂದಾಗ ಮೊಮ್ಮಕ್ಕಳಿಗೆ ಅಂದುಕೊಂಡೆ. ಮೊಮ್ಮಕ್ಕಳು ಕೈ ಹಾಕಿದರೆ ‘ಮುಟ್ಟಬೇಡಿ, ಅದು ತಾತಂದು’ ಅಂದರು! ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಅಂಗಡಿ ತಮ್ಮನ ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತ ಯಜಮಾನರು, ಇಂಗ್ಲಿಷರು ಬೆಂಗಳೂರು ಪೇಟೆಗೆ ಮುತ್ತಿಗೆ ಹಾಕಿದ ಯುದ್ಧವನ್ನ ಊಟದ ಮೇಜಿನ ಮೇಲೆ ಆಡ್ತಿದ್ದರು. ಮತ್ತಿಕೆರೆಯ ಯಾರೋ ಹುಡುಗರು ಮೆಷಿನ್ನಿನಲ್ಲಿ ಅಚ್ಚು ಹಾಕಿ ಕೊಡೋರು, ಹೆಬ್ಬೆರಳಿನಷ್ಟೂ ಇಲ್ಲದ ಗೊಂಬೆಗಳು. ಸಿಪಾಯಿಗಳು ಮಾತ್ರ ಅಲ್ಲ. ಕೂಲಿಯವರು, ನೇಕಾರರು, ತರಕಾರಿಯವಳು… ಪೇಟೆ ಅಂದರೆ ಸಿಪಾಯಿಗಳಲ್ಲ, ಪೇಟೆ ಅಂದರೆ ಜನ, ಅನ್ನೋರು.

ಆಮೇಲೆ ಈ ಮ್ಯಾಗ್ನೆಟ್! ಅಂಗಿ ಗುಂಡಿಗಿಂತ ಚಿಕ್ಕವು. ಒಂದು ದಿನ ನನ್ನ ಹೊಲಿಗೆ ಡಬ್ಬಿ ತೆಗೆದರೆ ಸೂಜಿಗಳೆಲ್ಲ ಒಟ್ಟಾಗಿ ಮುಳ್ಳುಹಂದಿ ಆಗಿ ಕೂತಿದ್ದವು. ಇನ್ನೊಂದು ದಿನ ದೋಸೆ ಕಾವಲಿ ಎತ್ತಿದರೆ ಅಡಿಯಲ್ಲಿ ನಾಲ್ಕು. ನಗಬೇಡಿ. ನಿಮಗೆ ತಮಾಷೆ, ಕಾವಲಿ ನನ್ನದು.

ಗೊಂಬೆಯ ಕಾಲಡಿ ಒಂದು ದುಂಡು ಬಿಲ್ಲೆ, ಬಿಲ್ಲೆಯ ಅಡಿಯಲ್ಲಿ ಒಂದು ಹಳ್ಳ ಕೊರೆದು ಅದರಲ್ಲಿ ಮ್ಯಾಗ್ನೆಟ್ ಅಂಟಿಸೋದು. ಟ್ರೇಗೆ ಕಬ್ಬಿಣದ ತಗಡು ಹಾಸೋದು. ಆಟೋದಲ್ಲಿ ತಗೊಂಡು ಹೋದರೂ, ಗುಂಡಿಯಲ್ಲಿ ಹಾರಿಬಿದ್ದರೂ ಒಬ್ಬನೂ ಉರುಳಲ್ಲ. ಗೊತ್ತು ನನಗೆ. ಗೊತ್ತಿಲ್ಲ ಅಂದುಕೊಂಡಿದ್ದಿರಾ? ಕೇಳಿದರೆ ಕೇಳದ ಹಾಗೆ ಇರ್ತಿದ್ದೆ, ಅಷ್ಟೆ. ಪ್ರತಿ ಮ್ಯಾಗ್ನೆಟ್ಟಿನ ಒಂದು ಮುಖಕ್ಕೆ ಕೆಂಪು ಚುಕ್ಕೆ ಇಡೋರು. ಎಲ್ಲದರ ಚುಕ್ಕೆಯೂ ಮೇಲೇ ಬರಬೇಕು. ಹಾಗೆ ಅಂಟಿಸಿದರೆ ಪಕ್ಕಪಕ್ಕ ನಿಂತವರು ಒಬ್ಬರನ್ನೊಬ್ಬರು ಸ್ವಲ್ಪ ಆಚೆ ತಳ್ತಾರೆ, ಒಬ್ಬರ ಬಣ್ಣ ಇನ್ನೊಬ್ಬರಿಗೆ ಉಜ್ಜಲ್ಲ. ‘ಮರ್ಯಾದಸ್ಥರ ಸೈನ್ಯ ಕಣೇ ಇದು, ಯಾರೂ ಯಾರ ಮೈಮೇಲೂ ಬೀಳಲ್ಲ’ ಅನ್ನೋರು. ಒಂದೇ ಒಂದು ತಲೆಕೆಳಗಾಗಿ ಅಂಟಿಸಿಬಿಟ್ಟರೆ ಅದು ಸೀದಾ ಹೋಗಿ ಪಕ್ಕದವರಿಗೆ ಅಂಟಿಕೊಂಡುಬಿಡುತ್ತೆ. ಎಷ್ಟು ಬಿಡಿಸಿ ಇಟ್ಟರೂ ಮತ್ತೆ ಹೋಗುತ್ತೆ.

ಅದಿರಲಿ.

ಪ್ರತಿ ಶನಿವಾರ ನಿಮ್ಮ ಮನೆ. ಹಬ್ಬ ಇರಲಿ, ಬೀಗರು ಬರಲಿ, ಶನಿವಾರ ಅಂದರೆ ಮಾವಳ್ಳಿ. ನಾನು ಅಡ್ಡ ಬಂದೆನಾ? ಇಲ್ಲ. ಯಾವ ಸಿಪಾಯಿಗೆ ಯಾವ ಬಣ್ಣದ ಅಂಗಿ ಅಂತ ನೀವು ಹೇಳೋರು, ಬಿಲ್ಲೆ, ಮ್ಯಾಗ್ನೆಟ್ಟು ನಮ್ಮವರ ಕೆಲಸ, ಮುಖ ಬರೆಯೋದು ನಿಮ್ಮ ತಂಗಿ ರಂಗನಾಯಕಿಯವರು. ನಿಮ್ಮಿಬ್ಬರ ಕೈಯೂ ನಡುಗುತ್ತೆ, ಅವರದ್ದು ನಡುಗಲ್ಲ ಅಂತ ಕೇಳಿದ್ದೆ. ಪಾಪ. ಮದುವೆ ಇಲ್ಲ, ಸಂಸಾರ ಇಲ್ಲ, ಕೊನೇವರೆಗೂ ಅಣ್ಣನ ಮನೆಯಲ್ಲೇ ಕಳೆದರು. ನಾನು ಅವರನ್ನ ನೋಡಿದ್ದು ನಮ್ಮ ಮಗಳು ಶರಣ್ಯಳ ಮದುವೆಯಲ್ಲಿ, ಅದೂ ದೂರದಿಂದ. ಮುಖವೂ ಸರಿಯಾಗಿ ನೆನಪಿಲ್ಲ. ಆದರೆ ಅವರು ತೀರಿಕೊಂಡಾಗ ನಮ್ಮವರು ನಿಮಗೋಸ್ಕರ ಎಷ್ಟು ನೊಂದರು, ಗೊತ್ತಾ ನಿಮಗೆ? ವಾರಗಟ್ಟಲೆ ಊಟ ಸೇರಲಿಲ್ಲ. ತಟ್ಟೆ ಮುಂದೆ ಕೂತು ‘ರಾಮಾನುಜ ಒಂಟಿಯಾಗಿಬಿಟ್ಟ’ ಅನ್ನೋರು, ಎದ್ದು ಹೋಗೋರು. ಅಷ್ಟು ಪ್ರೀತಿ ನಿಮ್ಮ ಮೇಲೆ. ಅಂಥ ಸ್ನೇಹಿತನ ಹೆಂಡತಿಯನ್ನ ನೀವು ನೂರಾರು ಜನರ ಮುಂದೆ…

ಸರಿ, ತಲೆ ತಗ್ಗಿಸಿದಿರಿ. ಒಳ್ಳೆಯದು. ಅಷ್ಟಾದರೂ ಇದೆ.

ನಿಮ್ಮ ತಂಗಿ ಹೋದ ಮೇಲೆ ಮಾಡಿದ ಗೊಂಬೆಗಳು ಈ ಸಾಲಲ್ಲವಾ? ಒಬ್ಬನಿಗೂ ಕಣ್ಣಿಲ್ಲ, ಮೂಗಿಲ್ಲ. ಬರೀ ಮೈಬಣ್ಣ ಬಳಿದು ಬಿಟ್ಟಿದ್ದಾರೆ. ನೋಡೋಕೆ ಒಂಥರಾ ಆಗುತ್ತೆ. ನಮ್ಮವರು ಸತ್ತಾಗ ಎಲ್ಲ ಡಬ್ಬಿಗಳನ್ನೂ ನಾನೇ ಕಟ್ಟಿ ನಿಮ್ಮ ಮನೆಗೆ ಕಳಿಸಿದೆ. ಒಂದು ಬಿಲ್ಲೆ, ಒಂದು ಬ್ರಷ್ಷು ಇಟ್ಕೊಳ್ಳಲಿಲ್ಲ. ಇಷ್ಟು ಗೊಂಬೆ ಕೊಟ್ಟವಳು ಒಂದನ್ನ ಯಾಕೆ ಇಟ್ಕೊಳ್ತಾಳೆ, ಅಷ್ಟು ಯೋಚಿಸಬಾರದಾ ನೀವು? ನಾನು ಅದನ್ನ ಕಣ್ಣಿಂದ ಕೂಡ ನೋಡಿಲ್ಲ. ಯಾವಳೋ ಒಬ್ಬ ಹಸಿರು ಸೀರೆ ಹೆಂಗಸಿಗೋಸ್ಕರ ಇಷ್ಟು ರಾದ್ಧಾಂತ!

…ಏನು?

ಹಸಿರು ಅಂತ ನೀವೇ ಹೇಳಿದಿರಿ. ಭಾನುವಾರ. ಹೇಳಲಿಲ್ಲವಾ? ಹೇಳಿದಿರಿ. ಹೇಳಿರಬೇಕು. ಹೆಂಗಸು ಅಂತಾನೂ ನೀವೇ… ಹಾಗೆಲ್ಲ ನನ್ನ ಮುಖ ನೋಡಬೇಡಿ, ನಾನೇನು ನಿಮ್ಮ ಕ್ಲಾಸಿನ ಹುಡುಗಿಯಲ್ಲ.

ಇಲ್ಲಿ ನೋಡಿ, ಇಲ್ಲಿ. ಇದು ಪೇಟೆ ಬಾಗಿಲು. ಬಾಗಿಲ ಪಕ್ಕ ಅಂಗಡಿ ಜಗಲಿ. ಜಗಲಿ ಮೇಲೆ ಈ ಬಟ್ಟೆ ವ್ಯಾಪಾರಿ. ಅವನ ಎಡಗಡೆ ಖಾಲಿ. ಖಾಲಿ ಇದ್ದರೆ ಏನು? ಯುದ್ಧ ಬಂದಾಗ ಜಾಗ ಖಾಲಿ ಆಗೋದಿಲ್ಲವಾ? ಯಾರೋ ಒಬ್ಬಳು ಓಡಿಹೋದಳು ಅಂದುಕೊಳ್ಳಿ.

ಈ ವ್ಯಾಪಾರಿ ಯಾರು ಅಂತ ಕುರುಡರಿಗೂ ಗೊತ್ತಾಗುತ್ತೆ. ತಡೀರಿ, ಕೈಗೆ ತಗೋತೀನಿ, ನನ್ನ ಕನ್ನಡಕಕ್ಕೆ ಅಷ್ಟು ದೂರ ಕಾಣಲ್ಲ. ನೋಡಿ, ಎಡ ಭುಜ ಇಳಿದಿದೆ. ಜೀವಮಾನವಿಡೀ ಹೆಗಲ ಮೇಲೆ ಬಟ್ಟೆ ಥಾನು ಇಳಿಬಿಟ್ಟು ಗಿರಾಕಿಗಳಿಗೆ ತೋರಿಸಿ ತೋರಿಸಿ ಅವರ ಭುಜ ಹಾಗೇ ಆಗಿತ್ತು. ಮೀಸೆ ನೋಡಿ. ಆ ಮೂಗು. ನಿಮ್ಮ ತಂಗಿ ಚೆನ್ನಾಗೇ ಬರೆದಿದ್ದಾರೆ, ಅದನ್ನ ಒಪ್ಪಲೇಬೇಕು. ಎಷ್ಟು ನೋಡಿ ನೋಡಿ ಬರೆದಿರಬೇಕು… ಹತ್ತಿರ ಹಿಡಿದರೆ ಇನ್ನೂ…

ಅಯ್ಯೋ!

ಏನಿಲ್ಲ. ಕೈಯಿಂದ ಜಾರಿತು.

ಜಾರಿತು ಅಂದೆನಲ್ಲ. ಬಿದ್ದಿಲ್ಲ, ಸೆರಗಿಗೆ… ಸಿಕ್ಕಿಕೊಂಡಿದೆ. ಪಿನ್ನು. ಸೇಫ್ಟಿ ಪಿನ್ನಿಗೆ ಹಿಡ್ಕೊಂಡಿದೆ, ಕಬ್ಬಿಣ ಕಂಡರೆ ಬಿಡಲ್ಲವಲ್ಲ ಇವು, ನೀವೇ ಹೇಳೋ ಹಾಗೆ. ತೆಗೀತೀನಿ. ನೀವು ಕೂತ್ಕೊಳ್ಳಿ, ಏಳಬೇಡಿ.

ಹೌದು, ಪಿನ್ನು ಭುಜದ ಮೇಲಿದೆ. ಕಾಣುತ್ತೆ ನನಗೂ.

ಇನ್ನೊಂದು ಪಿನ್ನು… ಒಳಗಡೆ…

ಹಾಗೆ ನನ್ನ ಸೆರಗನ್ನೇ ನೋಡಬೇಡಿ.

ಹೇಳಿ. ‘ಅಲ್ಲಿರೋದು ನಿಮ್ಮ ಲಿಂಗದ ಕರಡಿಗೆ, ಬೆಳ್ಳಿದು, ಬೆಳ್ಳಿಗೆ ಮ್ಯಾಗ್ನೆಟ್ ಅಂಟಲ್ಲ’ ಅಂತ ತಾನೇ ಯೋಚಿಸ್ತಿದ್ದೀರಿ? ನನಗೆ ಗೊತ್ತಿಲ್ಲವಾ ಬೆಳ್ಳಿಗೆ ಅಂಟಲ್ಲ ಅಂತ? ನಾನೂ ಸೈನ್ಸ್ ಓದಿದವಳು.

ಮುನಿಯಕ್ಕಾ, ಬಾಗಿಲು ಮುಂದೆ ಮಾಡಿ ಒಳಗೇ ಇರು. ನಾನು ಕರೆಯೋವರೆಗೂ ಬರಬೇಡ.

ಹೌದು. ನನ್ನ ಹತ್ತಿರವೇ ಇದೆ.

ಕದ್ದದ್ದಲ್ಲ. ಮೊದಲು ಅದು ತಿಳ್ಕೊಳ್ಳಿ. ನೀವು ನಾಮದವರು, ನಮ್ಮ ಪದ್ಧತಿ ನಿಮಗೆ ಪೂರ್ತಿ ತಿಳೀದು. ನಮ್ಮಲ್ಲಿ ಲಿಂಗ ಮೈಮೇಲೇ ಇರುತ್ತೆ, ಹುಟ್ಟಿದಾಗ ಕಟ್ಟಿದ್ದು ಸತ್ತಾಗ ಮಣ್ಣಿಗೆ ಜೊತೆಗೇ ಹೋಗುತ್ತೆ. ಸಮಾಧಿಯಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಆಮೇಲೆ ಮಣ್ಣು. ಗಂಡ ಹೆಂಡತಿಯಾದರೂ ಒಬ್ಬರ ಕರಡಿಗೆಯನ್ನ ಇನ್ನೊಬ್ಬರು ಬಿಚ್ಚಲ್ಲ. ಅವರ ಕರಡಿಗೆಯನ್ನ ನಾನು ಒಂದು ದಿನವೂ ಮುಟ್ಟಿದವಳಲ್ಲ.

ಆಸ್ಪತ್ರೆಯಲ್ಲಿ ಎದೆ ಒತ್ತೋವಾಗ ನರ್ಸು ಅದನ್ನ ತೆಗೆದು, ವಾಚು, ಉಂಗುರದ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಪ್ಲಾಸ್ಟಿಕ್ ಕವರಿನಲ್ಲಿ ಲಿಂಗ! ಮನೆಗೆ ಬಂದು, ಅಯ್ನೋರು ಬರೋದರೊಳಗೆ ಒಂದು ಹೂವಾದರೂ ಇಟ್ಟು ಕೈಮುಗಿಯೋಣ ಅಂತ ದೇವರ ಕೋಣೆ ಬಾಗಿಲು ಹಾಕ್ಕೊಂಡು ಬಿಚ್ಚಿದೆ. ಲಿಂಗ ಇತ್ತು. ಲಿಂಗದ ವಸ್ತ್ರದಲ್ಲೇ, ಅದೇ ಮಡಿಕೆಯಲ್ಲಿ, ಇನ್ನೊಂದು ಗಂಟಿತ್ತು. ಬಿಡಿಸಿದೆ. ಇವಳು.

ಎಂಥ ಅಪಚಾರ! ಲಿಂಗದ ಜೊತೆ ಗೊಂಬೆ! ಅಯ್ನೋರು ಬಿಚ್ಚಿ ನೋಡಿದ್ದರೆ? ಮೈದುನ ನೋಡಿದ್ದರೆ? ಶಿವರಂಜಿನಿ? ‘ಅಷ್ಟು ದೊಡ್ಡ ಮನುಷ್ಯರು ಕರಡಿಗೆಯಲ್ಲಿ ಆಟದ ಗೊಂಬೆ ಇಟ್ಕೊಂಡಿದ್ದರಂತೆ’ ಅಂತ ಚಿಕ್ಕಪೇಟೆಯೆಲ್ಲ ಆಡ್ಕೊಳ್ತಿರಲಿಲ್ಲವಾ? ತೆಗೆದುಬಿಟ್ಟೆ. ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹೊರಗೆ ಬಂದು ಅಷ್ಟು ಜನರ ಮಧ್ಯೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತೆ. ಅವರನ್ನ ಮಣ್ಣು ಮಾಡಿ ಬಂದ ಮೇಲೆ ಎಸೆದುಬಿಡಬೇಕು ಅಂತಲೇ ಇದ್ದೆ. ಸತ್ಯವಾಗಿ.

ಎಸೆಯೋಕೆ ಮುಂಚೆ ಒಂದು ಸಲ ನೋಡಿದೆ. ಅವರ ಭೂತಗನ್ನಡಿ ಇತ್ತಲ್ಲ, ಅದರಲ್ಲಿ.

ಮುಖ ಇತ್ತು, ರಾಮಾನುಜ ಅವರೇ. ಎಲ್ಲ ಗೊಂಬೆಗಳನ್ನೂ ಮುಖವಿಲ್ಲದೆ ಬಿಟ್ಟವರು ಇದೊಂದಕ್ಕೆ ತಾವೇ ಮುಖ ಬರೆದಿದ್ದರು. ಆ ನಡುಗೋ ಕೈಯಲ್ಲಿ. ಕಣ್ಣು ಒಂದು ಮೇಲೆ ಒಂದು ಕೆಳಗೆ. ತಿರುಗಿಸಿ ಅಡಿ ನೋಡಿದೆ. ಕೆಂಪು ಚುಕ್ಕೆ ಹೊರಗೆ ಕಾಣ್ತಿತ್ತು. ಒಳಗಿರಬೇಕಾದ ಚುಕ್ಕೆ! ಅವರಂಥ ಕಟ್ಟುನಿಟ್ಟಿನ ಮನುಷ್ಯರು ಮ್ಯಾಗ್ನೆಟ್ ತಲೆಕೆಳಗಾಗಿ ಅಂಟಿಸ್ತಾರಾ? ಬೇಕು ಅಂತಲೇ ಅಂಟಿಸಿದ್ದು. ಇವಳು ಅವರ ಪಕ್ಕ ಬಂದರೆ ದೂರ ಹೋಗಬಾರದು, ಅಂಟಿ ನಿಲ್ಲಬೇಕು ಅಂತ. ಆಗ ನನಗೆ ಅರ್ಥ ಆಯಿತು.

ಏನು ಅರ್ಥ ಆಯಿತು ಅಂತ ನೀವು ಕೇಳಲ್ಲ. ಸರಿ, ನಾನೇ ಹೇಳ್ತೀನಿ. ಯಾರಿಗೂ ಹೇಳಿಲ್ಲ, ಶರಣ್ಯಳಿಗೂ ಹೇಳಿಲ್ಲ.

ನಮ್ಮ ಮನೆ ಫೋಟೋಗಳನ್ನ ನೋಡಿದ್ದೀರಲ್ಲ? ಮದುವೆ ಫೋಟೋದಲ್ಲೂ ನನಗೂ ಅವರಿಗೂ ಮಧ್ಯೆ ಇನ್ನೊಬ್ಬರು ನಿಲ್ಲೋಷ್ಟು ಜಾಗ ಇದೆ. ಹಾಗೇ ಬದುಕಿದೆವು. ನಾನು ಗಟ್ಟಿಯಾಗಿ ಮಾತಾಡಲಿಲ್ಲ, ಅವರೂ ಆಡಲಿಲ್ಲ. ‘ಇವಳೇ’ ಅಂತ ಕರೆಯೋರು. ಹೆಸರು ಹಿಡಿದು ಕರೆದದ್ದು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ. ಸೀರೆ ತಂದರೆ ಮಂಚದ ಮೇಲಿಟ್ಟು ಹೋಗೋರು, ಚೆನ್ನಾಗಿದೆ ಅಂತ ನಾನೂ ಹೇಳಲಿಲ್ಲ. ಹೇಳಬೇಕಿತ್ತೇನೋ. ನಮ್ಮಲ್ಲಿ ಅದೆಲ್ಲ ಇರಲಿಲ್ಲ. ಮರ್ಯಾದಸ್ಥರ ಮನೆ. ಒಬ್ಬರನ್ನೊಬ್ಬರು ಸ್ವಲ್ಪ ಆಚೆ ತಳ್ಕೊಂಡೇ…

ಹಾಗಿದ್ದ ಮನುಷ್ಯರು, ನೋಡಿ, ನನ್ನನ್ನ ಮಾಡಿ, ಲಿಂಗದ ಜೊತೆ ಎದೆ ಮೇಲೆ ಇಟ್ಕೊಂಡಿದ್ದರು.

ಬಾಯಿ ಸ್ವಲ್ಪ ತೆರೆದಿದೆ, ನಗೋ ಹಾಗೆ. ಮೊದಲು ಅದೇ ನನಗೆ ಸರಿಹೋಗಲಿಲ್ಲ. ನಾನು ಬಾಯಿ ತೆರೆದು ನಗೋಳಲ್ಲ. ಎಷ್ಟೋ ದಿನ ಯೋಚಿಸಿದೆ. ಆಮೇಲೆ ನೆನಪಾಯಿತು! ಮದುವೆಯಾದ ಹೊಸದರಲ್ಲಿ ಲಾಲ್‌ಬಾಗ್ ಹೂವಿನ ಪ್ರದರ್ಶನಕ್ಕೆ ಹೋಗಿದ್ದೆವು. ಗಾಳಿಗೆ ಅವರ ಕೊಡೆ ಉಲ್ಟಾ ಹೊಡೆದುಕೊಂಡು ಕೈಯಿಂದ ಹಾರಿ ಹೋಯಿತು, ಅವರು ಅದರ ಹಿಂದೆ ಓಡಿದರು. ನನಗೆ ತಡೆಯೋಕಾಗದೆ ನಗು ಬಂತು. ಅವರು ತಿರುಗಿ ನೋಡಿದರು. ಅಷ್ಟೆ. ಆ ಒಂದು ನಗುವನ್ನ ಇಷ್ಟು ವರ್ಷ ಇಟ್ಕೊಂಡಿದ್ದರಲ್ಲ! ಯಾರಿಗೆ ಗೊತ್ತಿತ್ತು? ಅವತ್ತು ನಾನು ಉಟ್ಟಿದ್ದು ನೀಲಿ ಸೀರೆ, ಹಸಿರಲ್ಲ. ಗಂಡಸರಿಗೆ ಅದೆಲ್ಲ ಎಲ್ಲಿ ನೆನಪಿರುತ್ತೆ?

ಬೆಳಗ್ಗೆ ಪೂಜೆಗೆ ಕೂತಾಗ ಲಿಂಗವನ್ನ ಅಂಗೈ ಮೇಲಿಟ್ಕೊಂಡು, ಇವಳನ್ನ ಪಕ್ಕದಲ್ಲಿ ಮಣೆ ಮೇಲೆ ನಿಲ್ಲಿಸ್ಕೊಳ್ತಿದ್ದೆ. ಪೂಜೆ ಮಾಡಲಿಲ್ಲ, ಅಷ್ಟು ತಿಳಿವಳಿಕೆ ನನಗಿದೆ. ಲಿಂಗಕ್ಕೆ ಇಟ್ಟ ಹೂವಿನ ಒಂದು ಎಸಳು ಮಾತ್ರ ಇವಳ ಕಾಲ ಹತ್ತಿರ. ಆಮೇಲೆ ಅವರು ಇಟ್ಕೊಂಡ ಹಾಗೇ, ಲಿಂಗದ ವಸ್ತ್ರದ ಮಡಿಕೆಯಲ್ಲಿ ಸುತ್ತಿ ನನ್ನ ಕರಡಿಗೆ ಒಳಗೆ. ಗಂಡ ಸತ್ತ ಮೇಲೆ, ರಾಮಾನುಜ ಅವರೇ, ಅವರಿಗೆ ನಾನು ಬೇಕಾಗಿದ್ದೆ ಅಂತ ತಿಳ್ಕೊಂಡೆ. ತಡವಾಗಿ. ಆದರೂ ತಿಳ್ಕೊಂಡೆನಲ್ಲ. ನನ್ನ ಓರಗೆಯವರು ಎಷ್ಟೋ ಜನ ಅಷ್ಟೂ ತಿಳೀದೇ ಹೋದರು. ಇದನ್ನ ನಾನು ನಿಮಗೆ ಕೊಡಬೇಕಿತ್ತಾ? ಟ್ರೇನಲ್ಲಿ ಜಾಗ ಖಾಲಿ ಇದೆ ಅಂತ? ಈಗ ಹೇಳಿ, ಇದು ಕಳ್ಳತನವಾ?

ನಂಬಿಕೆ ಇಲ್ಲವಾ? ತೋರಿಸ್ತೀನಿ. ಸ್ವಲ್ಪ ಆ ಕಡೆ ತಿರುಗಿ. …ಹಾಂ. ಲಿಂಗ ನನ್ನ ಅಂಗೈಯಲ್ಲೇ ಇರಲಿ. ಇಗೋ, ಇವಳು. ವ್ಯಾಪಾರಿಯನ್ನ ಅವರ ಜಗಲಿ ಮೇಲೇ ಇಡ್ತೀನಿ. ಇವಳನ್ನ ಇಲ್ಲಿ, ಎಡಗಡೆ. ಕೈ ಬಿಡ್ತೀನಿ, ನೋಡಿ.

ಟಕ್!

ನೋಡಿದಿರಾ? ನೋಡಿದಿರಾ ಹೇಗೆ ಹೋಗಿ ಅಂಟಿಕೊಂಡಳು! ಹೆಗಲಿಗೆ ಹೆಗಲು! ನಾನೂ ಇವತ್ತೇ ನೋಡ್ತಿರೋದು, ಇವರಿಬ್ಬರನ್ನ ಜೊತೆಗೆ… ಟ್ರೇ ನಿಮ್ಮ ಹತ್ತಿರ ಇತ್ತಲ್ಲ…

ಏನು ಮಾಡ್ತಿದ್ದೀರಿ?

ಬೆರಳು ತೆಗೀರಿ. ಅದ್ಯಾಕೆ ಹಾಗೆ ತಲೆ ಸವರ್ತೀರಿ, ಚಿಕ್ಕ ಮಗುವಿನ ತಲೆ ಸವರಿದ ಹಾಗೆ? ನನ್ನ ಗೊಂಬೆ ಅದು. ಪರಸ್ತ್ರೀ ಗೊಂಬೆಯ ತಲೆ ಮುಟ್ಟೋದು ಸಭ್ಯತೆಯಲ್ಲ.

ಅಳ್ತಿದ್ದೀರಾ?

ನನ್ನ ಗೊಂಬೆ ನೋಡಿ ನೀವ್ಯಾಕೆ ಅಳ್ತೀರಿ?

ಪ್ರಭುದೇವರ ನೆನಪಾಯಿತಾ? ಆದರೆ ನೀವು ಅವರನ್ನ ನೋಡ್ತಿಲ್ಲ. ಅವಳನ್ನೇ ನೋಡ್ತಿದ್ದೀರಿ. ಬಂದಾಗಿನಿಂದ ಕೇಳಿದ್ದೂ ಅವಳನ್ನೇ. ಭಾನುವಾರವೂ ಅವಳನ್ನೇ. ಇಷ್ಟು ಗೊಂಬೆ ಇದ್ದರೂ ಇವಳೊಬ್ಬಳು ಯಾಕೆ ಬೇಕಿತ್ತು ನಿಮಗೆ?

ಕನ್ನಡಕ ತೆಗೆದು ಒರೆಸಿಕೊಂಡಿದ್ದು ಸಾಕು. ಮುಖ ಮೇಲೆತ್ತಿ. ನನ್ನನ್ನ ನೋಡಿ ಉತ್ತರ ಕೊಡಿ.

…

ಇವಳ ಹಣೆಯಲ್ಲಿ ವಿಭೂತಿ ಇಲ್ಲ. ಅದೂ ನನಗೆ ಕಂಡಿತ್ತು. ವಿಭೂತಿ ಇಲ್ಲದೆ ನನ್ನನ್ನ ಯಾರೂ ನೋಡಿಲ್ಲ, ಅವರೂ ನೋಡಿಲ್ಲ. ಸಾಸಿವೆ ಕಾಳಿನಷ್ಟು ಹಣೆ, ಅದರ ಮೇಲೆ ಮೂರು ಗೆರೆ ಎಲ್ಲಿ ಎಳೆಯೋಕಾಗುತ್ತೆ, ಕೈ ಬೇರೆ ನಡುಗುತ್ತೆ, ಅದಕ್ಕೆ ಕುಂಕುಮ ಇಡೋಕೆ ಹೋಗಿ ಬ್ರಷ್ಷು ಜಾರಿದೆ ಅಂದುಕೊಂಡೆ. ಉದ್ದಕ್ಕೆ ಒಂದು ಕೆಂಪು ಗೆರೆ. ಜಾರಿದ್ದು ಅಂತಲೇ ಅಂದುಕೊಂಡೆ.

ನಿಮ್ಮ ಹಣೆಯಲ್ಲಿರೋದೂ ಅದೇ ಗೆರೆ.

ನಿಮ್ಮ ಮನೆಯಲ್ಲಿ ಹೆಂಗಸರೂ ಅದನ್ನೇ ಇಟ್ಕೊಳ್ತಾರೆ. ಅಲ್ಲವಾ?

ಬೇಡ. ಏನೂ ಹೇಳಬೇಡಿ.

…ಇಲ್ಲ, ಹೇಳಿ. ‘ಇಲ್ಲ’ ಅನ್ನಿ. ‘ಶೈಲಜಮ್ಮ, ಅದು ನೀವೇ’ ಅನ್ನಿ. ನೀವು ಹೇಳಿದರೆ ನಾನು ನಂಬ್ತೀನಿ, ಮರುಪ್ರಶ್ನೆ ಕೇಳಲ್ಲ. ಮೇಷ್ಟ್ರು ನೀವು. ಎಷ್ಟು ಮಕ್ಕಳಿಗೆ ಎಷ್ಟು ಸಮಾಧಾನ ಹೇಳಿದ್ದೀರಿ, ನನಗೊಂದು ಹೇಳೋಕೆ ಬಾಯಿ ಬರಲ್ಲವಾ?

ರಾಮಾನುಜ ಅವರೇ.

ರಂಗನಾಯಕಿ ಅಲ್ಲ ಅನ್ನಿ.

…

ನಿಮಗೆ ಗೊತ್ತಿತ್ತು. ಪ್ರತಿ ಶನಿವಾರ ಒಂದೇ ಮೇಜಿನ ಮುಂದೆ ಮೂವರೂ ಕೂತ್ಕೊಳ್ತಿದ್ದಿರಿ. ಆ ಕಡೆ ಅವರು, ಈ ಕಡೆ ಅವಳು, ಮಧ್ಯೆ ನೀವು. ಗೊತ್ತಿದ್ದೂ ನಮ್ಮ ಮನೆಗೆ ಬಂದು ನನ್ನ ಕೈಯ ಊಟ ಮಾಡಿದಿರಿ.

ಬೇಡ, ಕಾಲು ಮುಟ್ಟೋಕೆ ಬರಬೇಡಿ. ದೂರ ಇರಿ. ನೀರೂ ಬೇಡ ನನಗೆ. ಚೆನ್ನಾಗಿದ್ದೀನಿ.

ಆ ಗೊಂಬೆ ತಗೊಂಡು ಹೋಗಿ. ಇಬ್ಬರನ್ನೂ ತಗೊಂಡು ಹೋಗಿ. ಬಿಡಿಸೋಕೆ ಹೋಗಬೇಡಿ, ಹಾಗೇ ಇರಲಿ.

ಹೋಗೋ ಮುಂಚೆ ಎದ್ದು ನಿಲ್ಲಿ. ಭಾನುವಾರದ ಮಾತಿಗಲ್ಲ. ಅದು ನಿಜವಾಗಿತ್ತು, ಗೊಂಬೆ ಈ ಮನೆಯಲ್ಲೇ ಇತ್ತು. ಅದಕ್ಕಲ್ಲ.

ನನ್ನ ಹತ್ತಿರ ಕ್ಷಮೆ ಕೇಳಿ.